ಹಿಪ್ಪಿಗಳಿಂದ ನಮ್ಮ ಗದ್ದೆಗೆ ಬಂದದ್ದೇನು?

ಹಿಪ್ಪಿ ಎಂದರೆ ಉದ್ದ ಕೂದಲು, ಗಾಂಜಾ, ಕೆಲಸವಿಲ್ಲದ ತಿರುಗಾಟ. ಗೋಕರ್ಣದ ಕಡಲದಂಡೆಯಲ್ಲಿ ಅಂಥವರನ್ನು ಕಂಡ ನಮ್ಮ ಶಿರೂರಿನವರ ಲೆಕ್ಕ ಇಷ್ಟೇ. ನನ್ನದೂ ಅದೇ ಆಗಿತ್ತು. ಆದರೆ ನಾನಿಂದು ತರಕಾರಿ ಸಾಲಿಗೆ ಮಾಡುವ ಮುಚ್ಚಿಗೆಯಲ್ಲಿ ಅವರ ಪಾಲೂ ಉಂಟು ಅಂತ ಓದಿದ ಮೇಲೆ ಗೊತ್ತಾಯ್ತು.

1960ರ ದಶಕದ ಕೊನೆಗೆ ಅಮೆರಿಕದ ಎಷ್ಟೋ ಯುವಕರಿಗೆ ವಿಯೆಟ್ನಾಂ ಯುದ್ಧವೂ ಬೇಡವಾಯಿತು, ಪೇಟೆಯ ದುಂದುಗಾರಿಕೆಯೂ ಬೇಡವಾಯಿತು. ಕೆಲವರು ಹಳ್ಳಿ ಸೇರಿ ಒಟ್ಟಾಗಿ ಬೇಸಾಯಕ್ಕಿಳಿದರು. 1971ರಲ್ಲಿ ಟೆನೆಸ್ಸಿಯಲ್ಲಿ ಶುರುವಾದ 'ದಿ ಫಾರ್ಮ್' ಇಂಥದ್ದು. ಎಲ್ಲರ ದುಡಿಮೆಯೂ ಒಂದೇ ಗಂಟಿಗೆ. ಮನಸ್ಸಿತ್ತು, ಅನುಭವ ಸಾಲಲಿಲ್ಲ. ಸಾಲ ಏರಿ 1983ರಲ್ಲಿ ಆ ಪದ್ಧತಿ ಬಿಡಬೇಕಾಯಿತು. ಅವರವರ ಖರ್ಚು ಅವರವರಿಗೆ.

ಹಾಗಾದರೆ ಉಳಿದದ್ದೇನು? ಆ ತಲೆಮಾರಿನ ಲ್ಯಾರಿ ಕಾರ್ನ್ ಎಂಬವರು ಜಪಾನಿನ ರೈತ ಮಸನೊಬು ಫುಕುವೋಕಾರ ಹೊಲದಲ್ಲಿ ಎರಡು ವರ್ಷಕ್ಕೂ ಹೆಚ್ಚು ದುಡಿದರು. ಉಳುಮೆಯಿಲ್ಲದೆ, ಬೈಹುಲ್ಲನ್ನು ಗದ್ದೆಗೇ ಹರಡಿ ಬೆಳೆಯುವ ಕ್ರಮ ಅದು. ಸಂಗಡಿಗರ ಜತೆ ಸೇರಿ ಅವರ ಪುಸ್ತಕವನ್ನು ಇಂಗ್ಲಿಷಿಗೆ ತಂದರು. 1978ರಲ್ಲಿ ಅದು ಅಚ್ಚಾಯಿತು. ಫುಕುವೋಕಾ ಹಿಪ್ಪಿಯಲ್ಲ, ನಮ್ಮಂಥ ಕೃಷಿಕ. ಅವರ ಮಾತನ್ನು ಲೋಕಕ್ಕೆ ಮುಟ್ಟಿಸಿದ್ದು ಇಂಥ ಯುವಕರು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು (2019ರಲ್ಲಿ ತೀರಿಕೊಂಡರು) ಫುಕುವೋಕಾರನ್ನು ಓದಿ ದಾರಿ ಬದಲಿಸಿದವರು. ಸಾವಯವ ಕೃಷಿ ಒಂದು ಚಳವಳಿಯಾದದ್ದು ಹೀಗೆ, ಕೈಯಿಂದ ಕೈಗೆ ದಾಟಿ.

ಆ ಪುಸ್ತಕ ಕನ್ನಡದಲ್ಲೂ ಬಂತು. ಓದಿದ ಉಮೇದಿನಲ್ಲಿ ನಾನು ಇದ್ದ ಅರ್ಧ ಎಕರೆ ಮಕ್ಕಿಗದ್ದೆಗೆ ಉಳದೆ ಮಣ್ಣುಂಡೆ ಬೀಜ ಎಸೆದೆ. ನಮ್ಮ ಜೂನ್ ಮಳೆ ಕೇಳಬೇಕೆ? ಉಂಡೆ ಕರಗಿ ಕೊಚ್ಚಿಹೋಯ್ತು. ಉಳಿದದ್ದನ್ನು ಕಳೆ ನುಂಗಿತು. ಆ ವರ್ಷ ಊಟಕ್ಕೆ ಅಂಗಡಿ ಅಕ್ಕಿ. "ಇನ್ನು ಪುಸ್ತಕ ಗದ್ದೆಗೆ ತರಬೇಡಿ" ಅಂದಳು ಮನೆಯವಳು.

ಭತ್ತಕ್ಕೆ ಮತ್ತೆ ಉಳುಮೆಗೇ ಬಂದೆ. ಮುಚ್ಚಿಗೆ ಮಾತ್ರ ಬಿಡಲಿಲ್ಲ. ಬೈಹುಲ್ಲು ದನಕ್ಕೆ ಬೇಕು. ಹಾಗಾಗಿ ತರಗೆಲೆ, ಮಳೆಗೆ ಹಾಳಾದ ಹುಲ್ಲು ಸೇರಿಸಿ ಅಲಸಂಡೆ, ಬೆಂಡೆ ಸಾಲಿಗೆ ನಾಲ್ಕು ಬೆರಳು ದಪ್ಪ ಹಾಕುತ್ತೇನೆ. ಬುಡಕ್ಕೆ ತಾಗಿಸಬಾರದು. ಗೆದ್ದಲು ಕಂಡರೆ ಸರಿಸಿಬಿಡಬೇಕು. ಎರಡು ದಿನಕ್ಕೊಮ್ಮೆ ನೀರು ಹೊರುತ್ತಿದ್ದವ ಈಗ ನಾಲ್ಕು ದಿನಕ್ಕೊಮ್ಮೆ ಹೊರುತ್ತೇನೆ.

ಹೊಸ ವಿಚಾರ ಕೇಳಿದರೆ ನಗಾಡಿ ಬಿಡಬೇಡಿ. ನನ್ನ ಹಾಗೆ ಇಡೀ ಗದ್ದೆಗೂ ಹಾಕಬೇಡಿ. ಮೊದಲು ಒಂದು ಸೆಂಟ್ಸಿನಲ್ಲಿ ಮಾಡಿ ನೋಡಿ.