ಬೀಗ ಬಿದ್ದ ಕಂಪ್ಯೂಟರು: ಕೀಲಿಯನ್ನು ಮೊದಲೇ ಬರೆದಿಡಿ



ಕಳೆದ ಸುಗ್ಗಿಯ ಹೊತ್ತಿಗೆ ನನ್ನ ವಲಯದ ಒಂದು ಹಾಲಿನ ಸಂಘದ ಕಾರ್ಯದರ್ಶಿಗಳು ಗಾಬರಿಯಿಂದ ಬಂದರು. ಪೇಟೆಯಲ್ಲಿ ಮದರ್‌ಬೋರ್ಡು ಬದಲಾಯಿಸಿ ತಂದ ಲ್ಯಾಪ್‌ಟಾಪಿನಲ್ಲಿ ನೀಲಿ ಪರದೆ ಮೂಡಿ, 48 ಅಂಕಿಗಳ ಕೀಲಿಯನ್ನು ಕೇಳುತ್ತಿತ್ತು. ಮೂರು ವರ್ಷದ ಲೆಕ್ಕ ಅದರೊಳಗೇ ಇತ್ತು. “ನಾನು ಬೀಗವನ್ನೇ ಹಾಕಿಲ್ಲವಲ್ಲ, ಸ್ವಾಮಿ!” ಎಂದರು.

ಬೀಗ ಹಾಕಿದವರು ಯಾರು?

ಇದರ ಹೆಸರು ಬಿಟ್‌ಲಾಕರ್. 2007ರಿಂದ ವಿಂಡೋಸ್‌ನಲ್ಲಿದೆ. ಹೊಸ ಕಂಪ್ಯೂಟರುಗಳಲ್ಲಿ ಅನೇಕವು, ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ತೆರೆದಾಗ ತಾವಾಗಿಯೇ ಈ ಬೀಗ ಹಾಕಿಕೊಳ್ಳುತ್ತವೆ. ಕಳ್ಳನು ಡಿಸ್ಕನ್ನು ಕಿತ್ತೊಯ್ದರೂ ಒಳಗಿನ ಬರಹವನ್ನು ಓದಲಾರ. ಇದು ಒಳ್ಳೆಯದೇ.

ಯಂತ್ರದೊಳಗಿನ ಟಿಪಿಎಂ ಎಂಬ ಚಿಪ್ಪನ್ನು ಕಣಜದ ಕಾವಲುಗಾರನೆಂದು ತಿಳಿಯಿರಿ. ಎಲ್ಲವೂ ಹಿಂದಿನಂತಿದ್ದರೆ ಸದ್ದಿಲ್ಲದೆ ಬಾಗಿಲು ತೆರೆಯುತ್ತಾನೆ. ಮದರ್‌ಬೋರ್ಡು, ಬಯೋಸ್ ಅಥವಾ ಸೆಕ್ಯೂರ್ ಬೂಟ್ ಬದಲಾದರೆ ಗುರುತು ಹತ್ತದೆ ಕೀಲಿ ಕೇಳುತ್ತಾನೆ. 2024ರ ಜುಲೈನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟಿನಿಂದಲೂ ಕೆಲವು ಕಂಪ್ಯೂಟರುಗಳು ಹೀಗೆಯೇ ಕೀಲಿ ಕೇಳಿದವು.

ಏನು ಮಾಡಬೇಕು?

1. ಅವಸರಪಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಮಾಡಿಸಿದರೆ ಲೆಕ್ಕವೆಲ್ಲ ಹೋಯಿತೆಂದೇ ತಿಳಿಯಿರಿ.

2. ಹೊರಗಿನ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತೆಗೆದು, ಮತ್ತೊಮ್ಮೆ ಶುರು ಮಾಡಿ ನೋಡಿ.

3. ಪರದೆಯ ಮೇಲಿರುವ ಕೀಲಿ ಗುರುತಿನ ಮೊದಲ 8 ಅಕ್ಷರಗಳನ್ನು ಬರೆದುಕೊಳ್ಳಿ.

4. ಮೊಬೈಲಿನಿಂದ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ರಿಕವರಿ ಕೀಗಳ ಪಟ್ಟಿಯಲ್ಲಿ ಅದೇ ಗುರುತಿನ ಕೀಲಿಯನ್ನು ಹುಡುಕಿ. ಯಂತ್ರವನ್ನು ಮೊದಲು ಸಿದ್ಧಮಾಡಿದವರ ಖಾತೆಯಲ್ಲಿ ನೋಡುವುದನ್ನು ಮರೆಯಬೇಡಿ. ಶಾಲೆಯ ಅಥವಾ ಕಚೇರಿಯ ಯಂತ್ರವಾದರೆ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ.

5. ಆರಾರು ಅಂಕಿಗಳ 8 ಗುಂಪುಗಳನ್ನೂ ತಪ್ಪಿಲ್ಲದೆ ಒತ್ತಿ.

6. ಬಾಗಿಲು ತೆರೆದ ಮೇಲೂ ಪ್ರತಿ ಸಲ ಕೀಲಿ ಕೇಳಿದರೆ, ಬಿಟ್‌ಲಾಕರನ್ನು ಒಮ್ಮೆ ಸಸ್ಪೆಂಡ್ ಮಾಡಿ ಮತ್ತೆ ಚಾಲೂ ಮಾಡಿ. ಕಾವಲುಗಾರನು ಹೊಸ ಗುರುತನ್ನು ಕಲಿತುಕೊಳ್ಳುತ್ತಾನೆ.

ಕೀಲಿ ಎಲ್ಲಿಯೂ ಸಿಗದಿದ್ದರೆ ಮೈಕ್ರೋಸಾಫ್ಟ್‌ನವರೂ ಹೊಸದೊಂದನ್ನು ಮಾಡಿಕೊಡಲಾರರು. “ದುಡ್ಡು ಕೊಡಿ, ತೆಗೆದುಕೊಡುತ್ತೇವೆ” ಎನ್ನುವವರನ್ನು ನಂಬಬೇಡಿ. ಫೋನಿನಲ್ಲಿ ಕೇಳಿದವರಿಗೆ ಕೀಲಿ ಹೇಳಬೇಡಿ.

ಕಾರ್ಯದರ್ಶಿಗಳ ಅದೃಷ್ಟ ನೆಟ್ಟಗಿತ್ತು. ಮೊದಲು ಲ್ಯಾಪ್‌ಟಾಪ್ ಸಿದ್ಧಮಾಡಿದ್ದವಳು ಅವರ ಮಗಳು. ಕೀಲಿ ಅವಳ ಖಾತೆಯಲ್ಲಿ ಸಿಕ್ಕಿತು. ಎಲ್ಲರಿಗೂ ಹೀಗಾಗುವುದಿಲ್ಲ.

ಆದ್ದರಿಂದ ಇಂದೇ ಈ ಮೂರು ಕೆಲಸ ಮಾಡಿ. ಕೀಲಿಯನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳ ಜೊತೆಯಲ್ಲಿಡಿ. ಲ್ಯಾಪ್‌ಟಾಪಿನ ಚೀಲದಲ್ಲಿ ಬೇಡ. ಮುಖ್ಯ ಲೆಕ್ಕಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ. ರಿಪೇರಿಗೆ ಕೊಡುವ ಮುನ್ನ ಕೀಲಿ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಬಿತ್ತನೆ ಬೀಜವನ್ನು ಒಂದೇ ಗಡಿಗೆಯಲ್ಲಿಟ್ಟು ನಾವು ನೆಮ್ಮದಿಯಿಂದ ಮಲಗುವುದಿಲ್ಲ. ಲೆಕ್ಕಪತ್ರವೂ ಹಾಗೆಯೇ. ಸಂದೇಹವಿದ್ದವರು ನಾನು ನಿಮ್ಮ ಊರಿಗೆ ಬಂದಾಗ ಯಂತ್ರವನ್ನು ತನ್ನಿ; ಕೂಡಿ ನೋಡೋಣ.

— ನಿಮ್ಮ ಗ್ರಾಮಸೇವಕ