ಧರ್ಮಸಂಸ್ಥೆಗಳ ನಿಧಿ ಸಂಗ್ರಹ: ಆಡಳಿತ ಮಂಡಳಿ ಸದಸ್ಯರ ಹೊಣೆ

ನಮ್ಮ ವ್ಯಾಪಾರಿ ಹಾಗೂ ಸಣ್ಣ ಉದ್ಯಮಿ ಬಾಂಧವರಲ್ಲಿ ಅನೇಕರು ಒಂದಲ್ಲ ಒಂದು ಶಾಲೆ, ವಿದ್ಯಾರ್ಥಿನಿಲಯ, ಗೋಶಾಲೆ ಅಥವಾ ಧರ್ಮಾರ್ಥ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿರುವುದು ಸರ್ವವಿದಿತ. ಆದರೆ ಸಂಸ್ಥೆಗೆ ಹಣದ ಅಗತ್ಯ ಬಿದ್ದಾಗ ಸಾಮಾನ್ಯವಾಗಿ ಕಾರ್ಯದರ್ಶಿಯೊಬ್ಬರೇ ರಸೀದಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಉಳಿದವರು ಸಭೆಗೆ ಬಂದು, ನಡಾವಳಿ ಪುಸ್ತಕಕ್ಕೆ ರುಜು ಹಾಕಿ ತೆರಳುತ್ತಾರೆ. ಆ ಒಬ್ಬರು ಕಾಯಿಲೆ ಬಿದ್ದರೆ ಅಥವಾ ಊರು ಬಿಟ್ಟರೆ ದಾನಿಗಳ ಪರಿಚಯವೂ ಅವರೊಂದಿಗೇ ಹೋಗುತ್ತದೆ. ಒಬ್ಬನೇ ಗಿರಾಕಿಯನ್ನು ನಂಬಿದ ಕಾರ್ಖಾನೆಯ ಪಾಡನ್ನು ಬಲ್ಲ ನಾವು, ಒಬ್ಬನೇ ವ್ಯಕ್ತಿಯನ್ನು ನಂಬಿದ ಧರ್ಮಸಂಸ್ಥೆಯ ಅಪಾಯವನ್ನೂ ಅರಿಯಬೇಕು.

ಹಿಂಜರಿಕೆ ಏಕೆ?

ವ್ಯವಹಾರದಲ್ಲಿ ಲಕ್ಷಗಟ್ಟಲೆ ಬಾಕಿಯನ್ನು ಧೈರ್ಯವಾಗಿ ವಸೂಲು ಮಾಡುವವರೂ ಸಂಸ್ಥೆಗಾಗಿ ಐದು ಸಾವಿರ ಕೇಳಲು ಸಂಕೋಚಪಡುತ್ತಾರೆ. ಕೇಳುವುದು ಕೈಯೊಡ್ಡಿದಂತೆ ಎಂಬ ಭಾವನೆಯೇ ಇದಕ್ಕೆ ಕಾರಣ. ವಾಸ್ತವದಲ್ಲಿ ಇಲ್ಲಿ ಕೇಳುವವನು ತನಗಾಗಿ ಕೇಳುತ್ತಿಲ್ಲ. ನಮ್ಮ ಪೇಟೆಗಳ ಹಳೆಯ ‘ಧರ್ಮಾದಾಯ’ ಪದ್ಧತಿಯ ತತ್ತ್ವವೂ ಇದೇ ಆಗಿದೆ. ಬಿಲ್ಲಿನಲ್ಲಿ ಧರ್ಮಾದಾಯವೆಂದು ಗಿರಾಕಿಯಿಂದ ಪಡೆದ ಹಣ ಧರ್ಮಕಾರ್ಯಕ್ಕೆ ಮೀಸಲಾದುದು, ವ್ಯಾಪಾರಿಯ ಆದಾಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಸಂಗ್ರಹಿಸುವವನು ಕೇವಲ ವಾಹಕ ಎಂಬುದನ್ನು ಮನಗಂಡರೆ ಸಂಕೋಚ ತಾನಾಗಿಯೇ ಕಡಿಮೆಯಾಗುತ್ತದೆ.

1. ಮೊದಲು ಸ್ವಂತ ಕಾಣಿಕೆ

ಮಂಡಳಿಯ ಸದಸ್ಯರೆಲ್ಲರೂ ಯಥಾಶಕ್ತಿ ಕೊಟ್ಟ ನಂತರವೇ ಹೊರಗಿನವರ ಬಳಿಗೆ ಹೋಗತಕ್ಕದ್ದು. ಇಲ್ಲಿ ಮೊತ್ತಕ್ಕಿಂತ ಎಲ್ಲರ ಪಾಲೂ ಇರುವುದು ಮುಖ್ಯ. “ತಾವೆಷ್ಟು ಕೊಟ್ಟಿರಿ?” ಎಂಬ ಪ್ರಶ್ನೆಗೆ ಉತ್ತರವಿಲ್ಲದವರ ಮಾತಿಗೆ ತೂಕವಿರುವುದಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಜನರು ಸಿರಿವಂತರಲ್ಲ, ಶಿಕ್ಷಕರು. ಅವರು ತಮ್ಮ ದುಡಿಮೆಯನ್ನೇ ಮುಡಿಪಾಗಿಟ್ಟರು. ಸಂಸ್ಥೆಯು ದಾನಿಗಳ ನೆರವಿನಿಂದ ಬೆಳೆಯಿತು.

2. ಶಕ್ತಿಗೆ ತಕ್ಕ ಕೆಲಸ

ನಿಧಿ ಸಂಗ್ರಹವೆಂದರೆ ಹಣ ಕೇಳುವುದಷ್ಟೇ ಅಲ್ಲ. ದಾನಿಗಳನ್ನು ಗುರುತಿಸುವುದು, ಪರಿಚಯ ಮಾಡಿಸುವುದು, ಸಂಸ್ಥೆಗೆ ಕರೆತಂದು ತೋರಿಸುವುದು, ಕೇಳುವುದು, ಕೃತಜ್ಞತೆ ಸಲ್ಲಿಸುವುದು, ಲೆಕ್ಕ ಒಪ್ಪಿಸುವುದು ಹೀಗೆ ಆರು ಕೆಲಸಗಳಿವೆ. ಬಾಯಿಬಿಟ್ಟು ಕೇಳಲಾರದ ಸದಸ್ಯರು ಉಳಿದ ಐದರಲ್ಲಿ ಒಂದನ್ನು ವಹಿಸಿಕೊಳ್ಳಬಹುದು. ಕೇಳಲು ಹೋಗುವಾಗ ಇಬ್ಬರು ಕೂಡಿ ಹೋಗುವುದು ಲೇಸು: ಒಬ್ಬರು ದಾನಿಯನ್ನು ಬಲ್ಲವರು, ಇನ್ನೊಬ್ಬರು ಸಂಸ್ಥೆಯ ಕೆಲಸವನ್ನು ಬಲ್ಲವರು.

3. ಮುಂಗಡ ಲೆಕ್ಕಾಚಾರ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಂಬತ್ತು ಸದಸ್ಯರಿರುವ ಮಂಡಳಿಗೆ ವಿದ್ಯಾರ್ಥಿನಿಲಯದ ದುರಸ್ತಿಗಾಗಿ 12 ಲಕ್ಷ ರೂಪಾಯಿ ಬೇಕಾಗಿದೆ. ಸದಸ್ಯರ ಸ್ವಂತ ಕಾಣಿಕೆ 2 ಲಕ್ಷ. ಪ್ರತಿಯೊಬ್ಬರೂ ಹತ್ತು ಹೆಸರು ಬರೆದುಕೊಟ್ಟರೆ 90 ಹೆಸರುಗಳಾಗುತ್ತವೆ. ಪುನರಾವರ್ತನೆ ಕಳೆದು 60 ಉಳಿದವೆನ್ನೋಣ. ಅವರಲ್ಲಿ ಮೂರರಲ್ಲೊಬ್ಬರು ಸರಾಸರಿ 50,000 ರೂಪಾಯಿ ಕೊಟ್ಟರೂ ಉಳಿದ 10 ಲಕ್ಷ ಕೂಡುತ್ತದೆ. ಪ್ರತಿ ಸದಸ್ಯರ ಪಾಲಿಗೆ ಬರುವುದು ಆರೇಳು ಭೇಟಿಗಳು ಮಾತ್ರ. ಕಾರ್ಯದರ್ಶಿಯೊಬ್ಬರೇ 60 ಮನೆ ಸುತ್ತುವುದಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು.

4. ವ್ಯವಹಾರದ ಒತ್ತಡ ಸಲ್ಲದು

ಇದು ನಮ್ಮ ವರ್ಗದವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ವಿಷಯ. ನಮಗೆ ಮಾಲು ಪೂರೈಸುವವರನ್ನೋ, ನಮ್ಮಿಂದ ಬಿಲ್ ಪಾವತಿ ಬಾಕಿಯಿರುವವರನ್ನೋ ನಾವೇ ಖುದ್ದಾಗಿ ಕೇಳಿದರೆ ಅವರು ಇಲ್ಲವೆನ್ನಲಾರರು. ಹಾಗೆ ಬಂದದ್ದು ದಾನವಲ್ಲ. ಅವರ ಪಾಲಿಗೆ ಅದು ವ್ಯಾಪಾರದ ಖರ್ಚು. ನಾಳೆ ಅದು ದರದಲ್ಲಿ ಸೇರಬಹುದು, ಇಲ್ಲವೇ ಮನಸ್ಸಿನಲ್ಲಿ ಉಳಿಯಬಹುದು. ಇಂತಹವರ ಹೆಸರನ್ನು ಬೇರೆ ಸದಸ್ಯರಿಗೆ ವಹಿಸಿಕೊಡುವುದು ಉಚಿತ.

5. ತೆರಿಗೆ ನಿಯಮಗಳ ಅರಿವು

ದಾನಿಗೆ ತಪ್ಪು ಭರವಸೆ ನೀಡಬಾರದು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 2017-18ನೇ ಆರ್ಥಿಕ ವರ್ಷದಿಂದ 80ಜಿ ಕಲಮಿನ ರಿಯಾಯಿತಿ ಇಲ್ಲವಾಯಿತು. ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯನ್ನೇ ಕೋರಬೇಕು. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. 2021-22ರಿಂದ ಸಂಸ್ಥೆಯು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ, ದಾನಿಗೆ ಪ್ರಮಾಣಪತ್ರ ಒದಗಿಸಬೇಕೆಂಬ ನಿಯಮ ಬಂದಿತು. 1961ರ ಕಾಯ್ದೆಗೆ ಬದಲಾಗಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬೇರೆಯಾಗಿವೆ. ರಸೀದಿ ಪುಸ್ತಕ ಮುದ್ರಿಸುವ ಮುನ್ನ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಅವಶ್ಯ.

ದೊಡ್ಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಪಡೆದು ಕಾರ್ಯಕ್ರಮ ನಡೆಸಬಯಸುವ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಿಎಸ್‌ಆರ್-1 ನೋಂದಣಿಯನ್ನು ಮೊದಲೇ ಮಾಡಿಸಿರಬೇಕು. ಅಂತಹ ಕಂಪನಿಗಳಿಗೆ ಮಾಲು ಪೂರೈಸುವ ಸದಸ್ಯರು ಅಲ್ಲಿನ ಸಂಬಂಧಪಟ್ಟ ಅಧಿಕಾರಿಗಳ ಪರಿಚಯ ಮಾಡಿಸಿಕೊಟ್ಟರೂ ದೊಡ್ಡ ಸೇವೆಯೇ ಸರಿ.

6. ಕೊಟ್ಟ ನಂತರದ ಕರ್ತವ್ಯ

ಹಣ ಬಂದ ವಾರದೊಳಗೆ ರಸೀದಿಯನ್ನೂ, ಸದಸ್ಯರೊಬ್ಬರು ಸ್ವತಃ ಬರೆದ ಕೃತಜ್ಞತಾ ಪತ್ರವನ್ನೂ ತಲುಪಿಸಬೇಕು. ಕೆಲಸ ಮುಗಿದ ಮೇಲೆ ಖರ್ಚಿನ ತಃಖ್ತೆಯನ್ನು ಕಳುಹಿಸಬೇಕು. ಮುಂದಿನ ಬೇಡಿಕೆಯೊಂದಿಗೇ ಹಿಂದಿನ ಲೆಕ್ಕ ತಲುಪಿದರೆ ದಾನಿಯ ಮನಸ್ಸು ಮುದುಡುತ್ತದೆ. ದಾನಿಗಳ ವಹಿಯು ಯಾರೊಬ್ಬರ ಮೊಬೈಲ್‌ನಲ್ಲಿರದೆ ಸಂಸ್ಥೆಯ ಕಚೇರಿಯಲ್ಲಿರಬೇಕು.

ಸದಸ್ಯ ಬಾಂಧವರು ತಮ್ಮ ಸಂಸ್ಥೆಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಆರು ಕೆಲಸಗಳ ಎದುರು ಯಾರ ಹೆಸರುಗಳಿವೆ ಎಂಬುದನ್ನು ಬರೆದು ನೋಡಬಹುದು. ಎಲ್ಲ ಕಡೆಯೂ ಒಂದೇ ಹೆಸರು ಬಂದರೆ, ಹಂಚಿಕೆಯನ್ನು ಅಂದೇ ಆರಂಭಿಸುವುದು ಸೂಕ್ತ.