ನಿಮ್ಮ ಇ-ಮೇಲ್ ಎಲ್ಲಿ ಉಳಿಯುತ್ತದೆ?

ಮಕ್ಕಳೇ, ಕೊಳ್ಳೇಗಾಲದ ಅಂಚೆ ಕಚೇರಿಗೆ ನಿಮಗೊಂದು ಪತ್ರ ಬಂದಿದೆ ಎನ್ನಿ. ಅದನ್ನು ಮನೆಗೆ ತಂದರೆ ಕಚೇರಿಯಲ್ಲಿ ಏನೂ ಉಳಿಯದು. ಮನೆಯಲ್ಲಿ ಕಳೆದುಹೋದರೆ ಮತ್ತೆ ಸಿಗದು!

ಇ-ಮೇಲ್ ಕೂಡ ಮೊದಲು ಸರ್ವರ್ ಎಂಬ ದೂರದ ಕಂಪ್ಯೂಟರನ್ನು ಸೇರುತ್ತದೆ. ಅಲ್ಲಿಂದ ಅದನ್ನು ಪಡೆಯುವ ನಿಯಮಗಳಿಗೆ ಪ್ರೋಟೊಕಾಲ್ ಎಂದು ಹೆಸರು. ಅವುಗಳಲ್ಲಿ ಎರಡನ್ನು ತಿಳಿಯೋಣ.

ಪಾಪ್: ಎಂದರೆ ಪೋಸ್ಟ್ ಆಫೀಸ್ ಪ್ರೋಟೊಕಾಲ್. ಇದು 1984ರಲ್ಲಿ ಪ್ರಕಟವಾಯಿತು. ಪತ್ರವನ್ನು ನಮ್ಮ ಕಂಪ್ಯೂಟರಿಗೆ ಇಳಿಸಿ, ಸಾಮಾನ್ಯವಾಗಿ ಸರ್ವರಿನಿಂದ ಅಳಿಸುತ್ತದೆ. ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ಓದಬಹುದು. ಆದರೆ ಆ ಕಂಪ್ಯೂಟರ್ ಕೆಟ್ಟರೆ ಪತ್ರವೂ ಹೋದೀತು. ಸರ್ವರಿನಲ್ಲಿ ಒಂದು ಪ್ರತಿ ಉಳಿಸುವ ಆಯ್ಕೆಯೂ ಇದೆ.

ಐಮ್ಯಾಪ್: ಇದನ್ನು 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದರು. ಇಲ್ಲಿ ಪತ್ರ ಸರ್ವರಿನಲ್ಲೇ ಇರುತ್ತದೆ. ಹನೂರಿನಲ್ಲಿ ಕಂಪ್ಯೂಟರಿನಲ್ಲಿ ಓದಿದ ಪತ್ರವನ್ನೇ ಯಳಂದೂರಿನಲ್ಲಿ ಮೊಬೈಲಿನಲ್ಲಿ ನೋಡಬಹುದು. ಆದರೆ ಎಚ್ಚರ! ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ.

ಯೋಚಿಸಿ: ಶಾಲೆಗೆ ವಿದ್ಯಾರ್ಥಿವೇತನದ ಪತ್ರ ಇ-ಮೇಲಿನಲ್ಲಿ ಬಂದಿದೆ. ಮುಖ್ಯ ಶಿಕ್ಷಕರು ಅದನ್ನು ಶಾಲೆಯಲ್ಲೂ ಮನೆಯಲ್ಲೂ ನೋಡಬೇಕು. ಯಾವ ವಿಧಾನ ಅನುಕೂಲ? ಏಕೆ? ಪತ್ರ ಕಳೆಯದಂತೆ ಇನ್ನೇನು ಮಾಡಬಹುದು? ಗೆಳೆಯರೊಡನೆ ಚರ್ಚಿಸಿ.